ಒಗರಿಗೆ ಘಾಟು

ಗುರುವಾರ ಸಂಜೆ ಏಳಕ್ಕೆ, ಲಾ ಪಾಲ್ಮಾ ದ್ವೀಪದ
ಈ ಹಳೆಯ ಹೊಗೆಸೊಪ್ಪಿನ ಮನೆಯಲ್ಲಿ
ಆರು ಮೇಜು, ಮೂರು ವೈನು, ಮೂರು ಸಿಗಾರು.
ಕಿಟಕಿಯಾಚೆ ಅಟ್ಲಾಂಟಿಕ್. ಯಾರೂ ನೋಡುವುದಿಲ್ಲ.
ತಟ್ಟೆ ಹೊರುವವಳು ನಾನು.

ಈ ಮೂಲೆಯಲ್ಲಿ ಒಬ್ದೂಲಿಯಾ ಚಿಕ್ಕಮ್ಮ:
ಮುಂದೆ ಹಲಗೆ, ಅರ್ಧಚಂದ್ರದ ಚಾಕು, ಬಟ್ಟಲಲ್ಲಿ ಅಂಟು.
ನಲವತ್ತೊಂದು ವರ್ಷ ಎಲೆ ಸುತ್ತಿದ್ದಾಳೆ,
ಒಂದನ್ನೂ ಕೊನೆತನಕ ಸೇದಿಲ್ಲ.
ಆ ಮೂಲೆಯಲ್ಲಿ ಎಲಾದಿಯೊ:
ಕಪ್ಪು ಲಾವಾದ ಮೇಲೆ ತೆವಳುವ ಬಳ್ಳಿಗಳ ಯಜಮಾನ,
ಸದ್ದಿಲ್ಲದೆ ಬಿರಡೆ ಕೀಳುವವನು.

ಒಂದು ಕಾಲಕ್ಕೆ ಗಂಡ ಹೆಂಡತಿ.
ಮಾತು ಬಿಟ್ಟು ಹನ್ನೊಂದು ವರ್ಷ.
ಕಾರಣ ಕೇಳಬೇಡಿ. ಅವಳದೊಂದು, ಅವನದೊಂದು.
ಎರಡರಲ್ಲೂ ಒಂದು ಹೇಸರಗತ್ತೆ ಬರುತ್ತದೆ.

ಸೋಮವಾರ ಅವನು ಸೀಸೆಗಳನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಾನೆ.
ಬುಧವಾರ ಅದೇ ಜಾಗದಲ್ಲಿ
ಪತ್ರಿಕೆಯಲ್ಲಿ ಸುತ್ತಿದ ಸಿಗಾರುಗಳು.
ಒಗರಿಗೆ ಘಾಟು, ಹುಳಿಗೆ ಸಪ್ಪೆ,
ತೆಳುವಿಗೆ ತೆಳು.
ಜೋಡಿ ಕೂಡಿಸಿದ್ದು ಯಾರೆಂದು ಅತಿಥಿಗಳು ಕೇಳಿದರೆ
‘ಮನೆಯ ಪದ್ಧತಿ’ ಎನ್ನುತ್ತೇನೆ.

ಮೊದಲು ಒಂದು ಗುಟುಕು, ಆಮೇಲೆ ಹೊಗೆ.
ನುಂಗಬೇಡಿ, ಬಾಯೊಳಗೆ ಹೊರಳಿಸಿ ಬಿಟ್ಟುಬಿಡಿ.
ಬೂದಿ ತಟ್ಟಬೇಡಿ,
ಬೆರಳುದ್ದ ನಿಂತು ತಾನಾಗಿ ಬೀಳಲಿ.
ಇಷ್ಟು ಹೇಳಲಿಕ್ಕೇ ನನಗೆ ಸಂಬಳ.

ಆ ಗುರುವಾರ ಹ್ಯಾಂಬುರ್ಗಿನ ನಿವೃತ್ತ ದಂತವೈದ್ಯ,
ಡೀಟ್ಮಾರ್ ಅಂತ, ಪುಸ್ತಕ ಬಿಚ್ಚಿಕೊಂಡು ಕೂತಿದ್ದ.
ಮೊದಲನೆಯದಕ್ಕೆ ಬರೆದ: ಚೆರ್ರಿ, ಜೀನು, ಒದ್ದೆ ಮಣ್ಣು.
ಎರಡನೆಯದು ಪೈನ್ ಪೀಪಾಯಿಯಲ್ಲಿ ಮಲಗೆದ್ದ ವೈನು,
ರಾಳ ಮೂಗಿಗೇರುವಂಥದು.
ಸೇದಿದ, ಕುಡಿದ, ಬರೆದದ್ದನ್ನು ಹೊಡೆದುಹಾಕಿದ.
‘ಲವಂಗದೆಣ್ಣೆ,’ ಎಂದ, ‘ನನ್ನ ಕ್ಲಿನಿಕ್ಕು,’ ಎಂದ,
ಮತ್ತೆ ಎಷ್ಟೋ ಹೊತ್ತು ಪೆನ್ನು ಮುಟ್ಟಲಿಲ್ಲ.

ಮೂರನೆಯದಕ್ಕೆ ಎಲಾದಿಯೊ ಬೇರೆಯೇ ಸೀಸೆ ತೆಗೆದ.
ಚೀಟಿಯಿಲ್ಲ. ಹೊಸ್ತಿಲಿಗೆ ಬಂದದ್ದಲ್ಲ.
ಬೆಟ್ಟ ಬಾಯಿ ಬಿಟ್ಟ ವರ್ಷದ್ದು:
ಗೊಂಚಲು ಗೊಂಚಲಿಗೂ ಬಣ್ಣದ ಕುಂಚ ಹಿಡಿದು
ಒಬ್ಬನೇ ಬೂದಿ ಒರೆಸಿದ್ದನಂತೆ.
ಕಡ್ಡಿ ಗೀರಿದ ಕ್ಷಣದ ವಾಸನೆ ಮೊದಲು.
ಆಮೇಲೆ ಹಸಿ ದಾಳಿಂಬೆಯ ಸಿಪ್ಪೆ ಅಗಿದಂತೆ
ನಾಲಿಗೆಯ ಎರಡೂ ಅಂಚು ಹಿಂಡುವ ಒಗರು.

ಅದಕ್ಕೆ ಸಿಗಾರೇ ಇರಲಿಲ್ಲ.

ಚಿಕ್ಕಮ್ಮ ಎದ್ದಳು. ಆರು ಮೇಜು ದಾಟಿದಳು.
ಅವನ ಕೈಯ ಲೋಟಕ್ಕೆ ಮೂಗಷ್ಟೇ ತಾಗಿಸಿ
ತಿರುಗಿ ಬಂದು ಕೂತಳು.
ಗಿಡದ ನೆತ್ತಿಯ ಎಲೆ, ಬಿಸಿಲು ಕುಡಿದ ಖಾರದ್ದು,
ಅದನ್ನು ಪಕ್ಕಕ್ಕೆ ಸರಿಸಿದಳು.
ಬುಡದ ಎಲೆ, ನೆರಳಿನದು, ಎರಡು ಹೆಚ್ಚು ಹಾಕಿ
ಸುತ್ತತೊಡಗಿದಳು.

‘ಇನ್ನೂ ಸ್ವಲ್ಪ ಸಡಿಲ.’
‘ಗೊತ್ತು.’

ಹನ್ನೊಂದು ವರ್ಷಕ್ಕೆ ನಾಲ್ಕು ಪದ.
ತಟ್ಟೆ ನನ್ನ ಕೈಯಲ್ಲೇ ಉಳಿಯಿತು.
ಉಳಿದವರಿಗೆ ಏನೂ ಕಾಣಲಿಲ್ಲ;
ಹಸಿ ಸಿಗಾರು ಹೊತ್ತಿಕೊಳ್ಳಲು ಮೂರು ಕಡ್ಡಿ ಬೇಕಾಯಿತು,
ದಂತವೈದ್ಯನ ಪ್ಯಾಂಟಿನ ಮೇಲೆ ಬೂದಿ ಬಿತ್ತು, ನಕ್ಕರು.

ಎಲ್ಲ ಹೋದ ಮೇಲೆ ಲೋಟ ತೊಳೆಯುವ ಮುನ್ನ
ತಳದ ಗುಟುಕಿಗೆ ಉಳಿದ ಮೋಟು ಹಚ್ಚಿ
ನಾನೂ ನೋಡಿದೆ.
ನಿಜ ಹೇಳಬೇಕೆಂದರೆ, ಕೂಡಲಿಲ್ಲ.
ವೈನು ತನ್ನ ಪಾಡಿಗೆ ಗಂಧಕ,
ಹೊಗೆ ತನ್ನ ಪಾಡಿಗೆ ಹುಲ್ಲು.
ಬೂದಿ ಮುಚ್ಚಿದ ಕೆಂಡ ಎಂದು ಯಾರಾದರೂ ಹೇಳಿಯಾರು.
ನಾನು ಕಂಡದ್ದು ಬರೀ ಬೂದಿ,
ಬೆರಳುದ್ದ, ಬಿಳಿ,
ಬೀಳದೆ ನಿಂತದ್ದು.

ಸೋಮವಾರ ಹೊಸ್ತಿಲಲ್ಲಿ ಸೀಸೆ ಇರಲಿಲ್ಲ.
ಕಂಕುಳಲ್ಲಿ ಇರುಕಿಕೊಂಡು ಬಂದು ಬಾಗಿಲು ತಟ್ಟಿದ.
ಮುಚ್ಚಿದ ಬಾಗಿಲಿನಾಚೆಯಿಂದ, ಏರಿದ ಎರಡು ದನಿಗಳಲ್ಲಿ,
ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಒಂದೇ:
ಹೇಸರಗತ್ತೆ.