ಲಟ್ಟಣಿಗೆ

ಕಂಪನಿ ಕಳಿಸಿದ ತರಬೇತಿದಾರ ಕೋಪನ್‌ಹೇಗನ್ನಿನವನು.
ಕೆನ್ನೆಗೊಂದು ಮೈಕು ಅಂಟಿಸಿಕೊಂಡು
ಕ್ಲಾಕ್ಸ್‌ವೀಕಿನ ಹೋಟೆಲಿನ ಹಜಾರದಲ್ಲಿ
ನಮ್ಮೆಂಟು ಜನರನ್ನು ಜೋಡಿ ಜೋಡಿಯಾಗಿ ನಿಲ್ಲಿಸಿದ.
ಮುಂದಿನವರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಿ,
ಹಿಂದಿನವರು ಹಿಡಿಯುತ್ತಾರೆ, ಎಂದ.
ನಂಬಿಕೆ ಹೀಗೆ ಹುಟ್ಟುತ್ತದಂತೆ, ಊಟದ ಹೊತ್ತಿಗೆ ಮುಂಚೆ.

ರೋಕುರ್ ತನ್ನ ಬೂಟು ನೋಡಿಕೊಂಡ.
ಹೋಗ್ನಿ ಕಿಟಕಿ ನೋಡಿದ.
ನಾನು, ಅಡುಗೆಯ ಬಾರ್ದುರ್, ನೆಲ ನೋಡಿದೆ:
ದಪ್ಪ ಜಮಖಾನೆ. ಬಿದ್ದರೂ ನೋಯದು.

ಇವರಿಬ್ಬರು ಮಾತು ಬಿಟ್ಟು ಮೂರು ವರ್ಷ.
ಕಾರಣ, ಒಂದು ಟಗರಿನ ಎಡಗಿವಿ.
ಆ ಕಚ್ಚು ನಮ್ಮಪ್ಪನ ಕಾಲದ ಗುರುತು ಎಂದು ಇವನು,
ನಿಮ್ಮಪ್ಪ ಕದ್ದ ಗುರುತು ಎಂದು ಅವನು.
ಟಗರನ್ನು ಗಾಳಿಗೆ ಒಣಗಿಸಿ ತಿಂದೂ ಆಯಿತು,
ಕಿವಿ ಮಾತ್ರ ಉಳಿಯಿತು.
ದೋಣಿಯ ಊಟದ ಮೇಜಿನಲ್ಲಿ, ಒಂದೇ ಮೊಳ ದೂರದಿಂದ,
"ಬಾರ್ದುರ್, ಅವನಿಗೆ ಹೇಳು, ಉಪ್ಪು ಈಚೆ ತಳ್ಳಲಿ."
ನಾನು ಹೇಳುತ್ತಿದ್ದೆ. ಅವನು ತಳ್ಳುತ್ತಿದ್ದ.
ಸಂಬಳದಲ್ಲಿ ಇದೂ ಸೇರಿತ್ತು ಅಂತಿಟ್ಟುಕೊಳ್ಳಿ.

ಆಮೇಲೆ ಆ ಫೆಬ್ರವರಿ, ಬೇರೆಂಟ್ಸ್ ಕಡಲು.
ಹಾರಿದ ಹನಿ ಬೀಳುವ ಮೊದಲೇ ಗಾಜು.
ಬೆರಳಿನಷ್ಟಿದ್ದ ತಂತಿ ತೋಳಾಯಿತು, ತೊಡೆಯಾಯಿತು,
ರೇಲಿಂಗು ಗೋಡೆಯಾಯಿತು.
ವಾಲಿದ ದೋಣಿ
ಮತ್ತೆ ನೆಟ್ಟಗಾಗುವ ಮುನ್ನ
ಯೋಚಿಸತೊಡಗಿತು.
ಅದು ಯೋಚಿಸುವಷ್ಟು ಹೊತ್ತೂ
ನಾವು ಉಸಿರು ಬಿಡಲಿಲ್ಲ.

ಸುನ್ಲೈವ್ ಚುಕ್ಕಾಣಿಯಲ್ಲಿ. ಉಳಿದವರು ಏಳು, ಕೊಡತಿಗಳು ಐದು.
ಹುಡುಗ ತ್ರೋಂದುರ್ ಇಂಜಿನ್ ಕೋಣೆಯ ಸ್ಪ್ಯಾನರ್ ಹಿಡಿದ.
ನಾನು ಲಟ್ಟಣಿಗೆ ತಂದೆ.
ಮರವೇ ಬೆಳೆಯದ ನಮ್ಮ ದ್ವೀಪಕ್ಕೆ
ಯಾವುದೋ ಕಾಡಿನಿಂದ ಕಡಲು ತೇಲಿಸಿ ತಂದ ದಿಮ್ಮಿ,
ಅಜ್ಜ ಕಡೆದು ಅಜ್ಜಿಗೆ ಕೊಟ್ಟದ್ದು.
ನಲವತ್ತು ವರ್ಷ ಹಿಟ್ಟು ಕಂಡದ್ದು
ಅಂದು ಕಲ್ಲಾದ ನೀರನ್ನು ಬಡಿಯಿತು.

ಇಬ್ಬಿಬ್ಬರಿಗೆ ಒಂದು ಹಗ್ಗ, ಎಂದ ಸುನ್ಲೈವ್.
ಬೇಕೆಂದೇ ಮಾಡಿದನೋ, ಕತ್ತಲಲ್ಲಿ ಕಾಣಲಿಲ್ಲವೋ,
ರೋಕುರ್‌ನ ಸೊಂಟದ ಇನ್ನೊಂದು ತುದಿಗೆ ಹೋಗ್ನಿ.

ಮೂರನೆಯ ಗಂಟೆಗೆ ರೋಕುರ್‌ನ ಕೈಗವಸು ಎರಡನ್ನೂ ಗಾಳಿ ಒಯ್ದಿತು.
ಹೋಗ್ನಿ ತನ್ನದೊಂದನ್ನು ಕಳಚಿ ಅವನ ಎದೆಗೆ ಎಸೆದ.
ಬರಿಗೈ ಕಂಕುಳಲ್ಲಿ, ಗವಸಿನ ಕೈಯಲ್ಲಿ ಕೊಡತಿ;
ನೂರು ಏಟಿಗೊಮ್ಮೆ ಕೈ ಬದಲು.
ಎಣಿಸಲೇಬೇಕಲ್ಲ ಯಾರಾದರೂ.
ಹಾಗಾಗಿ ಮೂರು ವರ್ಷದ ಮೇಲೆ
ಹೋಗ್ನಿ ಅವನೊಂದಿಗಾಡಿದ ಮೊದಲ ಮಾತು:
ಒಂದು.
ಎರಡನೆಯ ಮಾತು:
ಎರಡು.

ಹತ್ತೊಂಬತ್ತು ತಾಸು.
ಹನ್ನೊಂದನೆಯದರಲ್ಲಿ ಲಟ್ಟಣಿಗೆ ನಡುವೆ ಮುರಿಯಿತು,
ಅರ್ಧ ಕಡಲಿಗೆ, ಬಂದಲ್ಲಿಗೇ.
ಅರ್ಧದಲ್ಲೇ ಬಡಿದೆ.

ಇಲ್ಲಿಗೆ ಬಂದು ಯಾರಾದರೂ ಕೇಳುತ್ತಾರೆ,
ಕಷ್ಟ ಮನುಷ್ಯರನ್ನು ಬೆಸೆಯುತ್ತದೆ, ಅಲ್ಲವೇ?
ಗೊತ್ತಿಲ್ಲ.
ತ್ರೋಂದುರ್ ಮತ್ತೆ ದೋಣಿ ಹತ್ತಲಿಲ್ಲ,
ತೋರ್ಸ್‌ಹಾವ್ನ್‌ನಲ್ಲಿ ಬಸ್ಸು ಓಡಿಸುತ್ತಾನೆ,
ಚಳಿಗಾಲದಲ್ಲಿ ನಮ್ಮನ್ನು ಕಂಡರೆ ರಸ್ತೆ ದಾಟುತ್ತಾನೆ.
ನನ್ನ ಎಡಗೈಯ ಎರಡು ಬೆರಳಿಗೆ
ಬಿಸಿ ಯಾವುದು, ತಣ್ಣಗೆ ಯಾವುದು, ತಿಳಿಯದು.
ಆ ಕಿವಿಯ ವ್ಯಾಜ್ಯ ಇನ್ನೂ ಊರಿನ ಹಿರಿಯರ ಮುಂದಿದೆ.

ಹಜಾರದಲ್ಲಿ ತ್ರೋಂದುರ್‌ನ ಜಾಗಕ್ಕೆ ಬಂದ ಹೊಸಬ
ಉತ್ಸಾಹದಿಂದ ಮೂರು ಸಲ ಬಿದ್ದ.
ರೋಕುರ್ ಬೀಳಲಿಲ್ಲ.
"ಕಣ್ಣು ಮುಚ್ಚಿ, ಹೆದರಬೇಡಿ," ಎಂದ ತರಬೇತಿದಾರ.
ರೋಕುರ್ ಅವನನ್ನೊಮ್ಮೆ ನೋಡಿದ,
ಮಗು ಕೊಟ್ಟ ಆಟಿಕೆ ಚಹಾವನ್ನು ನೋಡುವ ಹಾಗೆ,
ಮತ್ತೆ ಸಿಗರೇಟು ಸೇದಲು ಹೊರಟ.
ಹೋಗ್ನಿ ಬಾಗಿಲು ಹಿಡಿದು ನಿಂತ,
ಗಾಳಿ ಜೋರಿತ್ತು.

ಊಟಕ್ಕೆ ಒಣಮೀನು, ಆಲೂಗಡ್ಡೆ.
ರೋಕುರ್ ತಟ್ಟೆಯಿಂದ ತಲೆ ಎತ್ತದೆ,
"ಬಾರ್ದುರ್, ಅವನಿಗೆ ಹೇಳು..." ಎಂದ.

ನಾನು ಬಾಯಿ ತೆರೆಯುವ ಮೊದಲೇ
ಉಪ್ಪು ಅಲ್ಲಿತ್ತು.