ತಲೆಲೆಕ್ಕ

ಬಿಲ್ಲು ಬರುವುದು ಈಗಲೂ ಚೌಡಪ್ಪನವರ ಹೆಸರಿಗೆ.
ಅವರು ಹೋಗಿ ಹತ್ತೊಂಬತ್ತು ವರ್ಷ.
ಬಾಯಿಗೆ ಕೊನೆಯ ಗುಟುಕು ಬಿಟ್ಟವಳು ನಾನೇ,
ಈ ನಲ್ಲಿಯದೇ ನೀರು.
ಜಲಮಂಡಳಿಗೆ ಯಾರೂ ಹೇಳಿಲ್ಲ.
ತಿಂಗಳಿಗೊಮ್ಮೆ ಅದು ಅವರನ್ನು
ಮಾನ್ಯ ಗ್ರಾಹಕರೇ ಎಂದು ಕರೆಯುತ್ತದೆ.
ಬದುಕಿದ್ದಾಗ ಅಷ್ಟು ಮರ್ಯಾದೆಯಿಂದ
ಯಾರೂ ಕರೆದದ್ದು ನನಗೆ ನೆನಪಿಲ್ಲ.

ಓಕಳಿಪುರದ ವಠಾರ. ಐದು ಬಾಗಿಲು, ಒಂದು ಮೀಟರು.
ಓಕಳಿ ಇರುವುದು ಹೆಸರಿನಲ್ಲಿ;
ನಲ್ಲಿಯಲ್ಲಿ ದಿನ ಬಿಟ್ಟು ದಿನ, ರಾತ್ರಿ ಮೂರಕ್ಕೆ,
ಅದೂ ಮೊದಲು ಬುಸ್ಸೆಂದು ಗಾಳಿ.
ಬೆವರಿದ ಗಾಜಿನೊಳಗಿನ ಮುಳ್ಳು
ಗಾಳಿಗೂ ತಿರುಗುತ್ತದೆ.
"ಗಾಳಿಗೂ ದುಡ್ಡು ಕೊಡ್ತಿದ್ದೀವಿ ಲೋಲಕ್ಕ"
ಎಂದು ತಿಂಗಳೂ ಹೇಳುವ ಎಬಿನೇಜರ್ ಸಾರೇ
ತಿಂಗಳೂ ಎಲ್ಲರಿಗಿಂತ ಮೊದಲು ಕೊಡುವವರು,
ಅಚ್ಚುಮೊಳೆ ಜೋಡಿಸಿ ಸವೆದ ಬೆರಳಲ್ಲಿ
ನೋಟಿನ ಅಂಚಿಗೆ ಅಂಚು ಕೂಡಿಸಿ.

ಲೆಕ್ಕ ನನ್ನದು. ಫಾಲ್ಸು, ಜಿಗ್‌ಜಾಗ್ ಬರೆದಿಡುವ
ಪುಸ್ತಕದ ಹಿಂಬದಿಯಿಂದ ನೀರು ಶುರು.
ಈ ಸಲ ಸಾವಿರದ ನೂರಾ ಅರವತ್ತಮೂರು.
ಬಂದ ನೀರಿಗಿಷ್ಟು, ಹೋದ ನೀರಿಗಿಷ್ಟು,
ಬತ್ತಿ ಆರು ವರ್ಷವಾದ ಬೋರ್‌ವೆಲ್ಲಿಗೂ ಇಷ್ಟು.
ತಲೆ ಹನ್ನೊಂದು.

ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತ ಮುನಿರತ್ನಮ್ಮ ತೆಗೆದರು:
"ಜಬೀನಾ ಮಗೂನ ಸೇರಿಸ್ಕೊಂಡ್ಯಾ?
ದಿನಕ್ಕೆ ಮೂರು ಬಕೀಟು ಬಟ್ಟೆ ಹಿಂಡ್ತಾಳೆ."
ಪಂಕ್ಚರ್ ಅಂಗಡಿಯ ಕರಿ ಕೈ ಒರೆಸದೆ ಸಮೀವುಲ್ಲಾ ನಿಂತ:
"ಇಪ್ಪತ್ತೆರಡು ದಿನದ್ದಮ್ಮಾ, ಕತ್ತೇ ನಿಂತಿಲ್ಲ,
ತಲೆ ಅಂತ ಹೆಂಗೆ ಎಣಿಸ್ತೀರಾ?"
ಒಳಗಿನಿಂದ ಅವನ ಅತ್ತೆ:
"ದಸರಾಕ್ಕೆ ಇವರ ಮೊಮ್ಮಗ ಹತ್ತು ದಿನ ಇದ್ದ.
ಪೈಪು ಹಿಡಿದು ನಾಯಿಗೆ ಸ್ನಾನ ಮಾಡಿಸಿದ. ಅದು?"
ಎಂದೋ ತರಿಸಿದ ಟ್ಯಾಂಕರಿನ ಬಾಕಿಯೂ ಎದ್ದು ಬಂತು.
ಹೆಲ್ಮೆಟ್ಟಿನೊಳಗಿಂದಲೇ ಮೇಲಿನ ರೂಮಿನ ದುರ್ಗೇಶಿ:
"ನಾನು ಮಲಗೋಕಷ್ಟೇ ಬರೋದು. ನಾನೂ ಅರ್ಧ."

ಅಷ್ಟರಲ್ಲಿ ಒಳಗೆ
ನೀರು ಬರುವ ಮುಂಚಿನ ನಲ್ಲಿಯ ಹಾಗೆ
ಒಂದು ಉಸಿರು ಎಳೆದುಕೊಂಡು, ತಡೆದು,
ಆಮೇಲೆ ಅಳು.
ಸೊಪ್ಪು ಅಲ್ಲೇ ಬಿಟ್ಟು ಎದ್ದರು ಮುನಿರತ್ನಮ್ಮ.
ದಿನಾ ಬೆಳಿಗ್ಗೆ ಕಾಲು ನೀಡಿ ಕೂತು
ಆ ಮಗುವಿಗೆ ಎರೆಯುವವರೂ ಇವರೇ.
ಬಿಸಿನೀರು ಎಷ್ಟು ಚೊಂಬು ಎಂದು
ಅವರನ್ನು ಕೇಳಬೇಕೆನಿಸಿತು. ಕೇಳಲಿಲ್ಲ.

ಬರೆದೆ: ಪಾಪು, ಅರ್ಧ.
ಹೆಸರಿನ್ನೂ ಇಟ್ಟಿಲ್ಲ. ಆಸ್ಪತ್ರೆಯ ಚೀಟಿ ಬಿಟ್ಟರೆ
ಈ ಊರಲ್ಲಿ ಅದನ್ನು ಬರೆದುಕೊಂಡದ್ದು
ನನ್ನ ನೀರಿನ ಪುಸ್ತಕವೇ ಇರಬೇಕು.
ಹನ್ನೊಂದೂವರೆಯಿಂದ ಭಾಗಿಸಿದರೆ
ತಲೆಗೆ ನೂರಾ ಒಂದು,
ಮದುವೆಮನೆಯಲ್ಲಿ ಮುಯ್ಯಿ ಬರೆಸಿದ ಹಾಗೆ.
ಪಾಪುವಿಗೆ ಐವತ್ತು.
ಉಳಿದ ಎರಡು ರೂಪಾಯಿ ನನ್ನ ತಲೆಗೆ.
ದುರ್ಗೇಶಿಗೆ ಪೂರ್ತಿಯೇ ಹಾಕಿದೆ.

ಬೆಂಗಳೂರು ಒನ್‌ನಲ್ಲಿ ಟೋಕನ್ ಐವತ್ತೇಳು.
ಕಿಂಡಿಯೊಳಗಿನ ಹುಡುಗಿ ತಲೆಯೆತ್ತದೆ ಕೇಳಿದಳು,
"ಚೌಡಪ್ಪ ನಿಮಗೇನಾಗ್ಬೇಕು?"
ಏನಾಗಬೇಕು?
ಬಾಡಿಗೆ ಕೇಳಲು ಬಂದು, ನಾಚಿ,
ನೀರು ಕುಡಿದು ಹೋಗುತ್ತಿದ್ದರು.
"ಬಿಲ್ಲಲ್ಲಿರೋರು" ಎಂದೆ.
ಅವಳಿಗೆ ಅಷ್ಟು ಸಾಕಿತ್ತು. ರಸೀದಿ ಹರಿದುಕೊಟ್ಟಳು.

ರಾತ್ರಿ ಮೂರು. ಸಾಲು ಬಿಂದಿಗೆ, ನನ್ನ ಟಾರ್ಚು.
ಗಾಜಿನೊಳಗೆ ಮುಳ್ಳು ಆಗಲೇ ಓಡುತ್ತಿದೆ.
ರೈಲೊಂದು ಹಾದು ಪಾತ್ರೆಗಳು ತುಸು ನಡುಗಿದವು.
ಜಬೀನಾ ಮಗುವನ್ನು ಭುಜಕ್ಕೆ ಹಾಕಿಕೊಂಡು,
ಅದರ ಕತ್ತಿಗೆ ಕೈ ಕೊಟ್ಟು
ಬಾಗಿಲಿಗೆ ಬಂದಳು:
"ಬಂತಾ ಅಕ್ಕಾ?"

"ಗಾಳಿ" ಎಂದೆ. "ಇನ್ನೂ ಗಾಳಿ."