ಮೊಣಕಾಲಿನ ಕೀಲು

ನಮ್ಮೂರ ಗೊಂಬೆಗಳಿಗೆ ಮೊಣಕಾಲೇ ಇರಲಿಲ್ಲ.
ಸೊಂಟದ ಕೆಳಗೆ ಕೆರೆ.
ಕೆರೆಯೊಳಗೆ ಬಿದಿರ ಗಳ, ಗಳದ ಆ ತುದಿಗೆ ಅಪ್ಪ:
ಎದೆಮಟ್ಟ ನೀರಲ್ಲಿ, ಚಾಪೆಪರದೆಯ ಹಿಂದೆ,
ಶುಂಠಿ ಜಗಿದು, ಮೀನಿನ ರಸ ಒಂದು ಗುಟುಕು ಕುಡಿದು
ಮೈ ಬೆಚ್ಚಗೆ ಮಾಡಿಕೊಂಡವನು.
ಈಚೆ ದಂಡೆಗೆ ಕಂಡದ್ದು
ಬಾತುಕೋಳಿಯ ಸಾಲು, ಕದಿಯಲು ಬಂದ ನರಿ,
ನರಿಯ ಬೆನ್ನಟ್ಟುವ ಮುದುಕಿ.
ಆಟ ಮುಗಿದ ರಾತ್ರಿ ಅವನ ಪಾದ ನೋಡಬೇಕಿತ್ತು,
ನೆನೆಹಾಕಿದ ಕಾಳಿನ ಹಾಗೆ ಸುಕ್ಕು.
ಮೀನಖಂಡ ಕಚ್ಚಿದ ಜಿಗಣೆಗೆ
ಅವ್ವ ಎಲೆಯಡಿಕೆಯ ಸುಣ್ಣ ಸವರುವಳು.

ಅತ್ತಿಮರವೇ ಆಗಬೇಕು, ಅನ್ನುತ್ತಿದ್ದ.
ಹಗುರ, ಮೆದು, ಉಳಿಗೆ ಎದುರಾಡದು.
ಹಣ್ಣು ಬಿಡಿಸಿದರೆ ಹುಳ, ನಿಜ;
ಮರ ಬಿಡಿಸಿದರೆ ಮುಖ.

ಅಣ್ಣಂದಿರಿಗೆ ಉಳಿ ಕೊಟ್ಟ, ನನಗೆ ಉಪ್ಪುಕಾಗದ.
ಉಜ್ಜು ಎಂದ, ಕೇಳಬೇಡ ಎಂದ.
ಹೆಣ್ಣು, ನಾಳೆ ಆಚೆ ಊರಿನ ಸೊಸೆ;
ನೀರ ಕೆಳಗಿನ ಗುಟ್ಟು
ಸೀರುಂಡೆಯಂತೆ ಮಡಿಲಲ್ಲಿ ಹೋಗಬಾರದು.
ಅರಗುಮರದ ಹಾಲು ತಾಗಿ ಮುಂಗೈ ಮೂರು ವಾರ ಉರಿಯಿತು.
ಆ ಉರಿಯೊಂದನ್ನು ಮಾತ್ರ
ಯಾರೂ ನನ್ನಿಂದ ಬಚ್ಚಿಡಲಿಲ್ಲ.

ಸೊಸೆಯಾಗಲಿಲ್ಲ. ಸರ್ಕಾರ ಪಟ್ಟಿ ಮಾಡಿತು,
ವಿಮಾನ ಹತ್ತಿಸಿತು. ಪಿಲ್ಸೆನ್, ಹೊಲಿಗೆ ಕಾರ್ಖಾನೆ,
ದಿನಕ್ಕೆ ಇನ್ನೂರು ಕಾಲರು.
ಲುವಾ ಅಂದರೆ ನಮ್ಮಲ್ಲಿ ರೇಷ್ಮೆ;
ಲುವಾ ಅಲ್ಲಿ ಹೊಲಿದದ್ದೆಲ್ಲ ನೈಲಾನು.

ಹಾಸ್ಟೆಲಿನ ಹಿಂದಿನ ಗಲ್ಲಿಯಲ್ಲಿ ಒಂದು ಸಂಜೆ
ಹಸಿ ಮರದ ವಾಸನೆ. ಮೊದಲು ಮೂಗು ನಿಂತಿತು, ಆಮೇಲೆ ಕಾಲು.
ವೆಂಡೆಲೀನ್ ಮುದುಕ, ಮಡಿಲ ತುಂಬ ಹೆರೆ,
ನೆತ್ತಿಯ ಮೇಲೆ ಮೊಳೆಗೆ ಜೋತುಬಿದ್ದ
ರಾಜ, ಪಿಶಾಚಿ, ರೊಟ್ಟಿ ಮಾರುವವಳು.
ಎಲ್ಲರಿಗೂ ದಾರ, ಎಲ್ಲ ದಾರವೂ ಮೇಲಕ್ಕೆ.
ಮರ ತಟ್ಟಿ, ಲೀಪಾ, ಎಂದ.
ನಾನು ಮಾತು ಬಾರದವಳು, ರಾಜನ ತಲೆ ಬಿಚ್ಚಿ
ಬಕೀಟಿನ ನೀರಿಗೆ ಹಾಕಿಬಿಟ್ಟೆ.
ತೇಲಿತು!
ಅತ್ತಿಯ ಹಾಗೇ, ಮೂಗು ಮೇಲೆ ಮಾಡಿ.
ಆಮೇಲೆ ಸೀಮೆಸುಣ್ಣ, ಸರೇಸು, ಕೆನ್ನೆಯ ಕೆಂಪು
ಮೆಲ್ಲಗೆ ಬಿಟ್ಟುಕೊಂಡು ಬಕೀಟು ಹಾಲಾಯಿತು.
ರಾಜನಿಗೆ ಕಣ್ಣೇ ಉಳಿಯಲಿಲ್ಲ.
ಮುದುಕ ಬಯ್ದ. ಬಯ್ಗುಳ ಎಲ್ಲ ಭಾಷೆಯಲ್ಲೂ ಅರ್ಥವಾಗುತ್ತದೆ.
ಬಯ್ದು ಮುಗಿಸಿ, ಒದ್ದೆ ತಲೆ ನನ್ನ ಅಂಗೈಗಿಟ್ಟು
ಕುಂಚ ತೋರಿಸಿದ:
ಅಳಿಸಿದವಳೇ ಬರಿ.

ಹಾಗೆ ಶುರು, ಭಾನುವಾರಗಳು.
ಒಂದು ವರ್ಷ ಬರೀ ಕಿವಿ. ಆಮೇಲೆ ಬೆರಳು.
ಮೂರನೆಯ ಚಳಿಗಾಲ, ಕಿಟಕಿಗೆ ಹಿಮ ಕಟ್ಟಿದಾಗ
ಮೊಣಕಾಲು ಕಲಿಸಿದ.
ತೊಡೆಯ ತುದಿಗೆ ಸೀಳು, ಕಣಕಾಲ ನೆತ್ತಿಗೆ ನಾಲಿಗೆ,
ನಡುವೆ ಅಡ್ಡಕ್ಕೆ ಒಂದು ತಂತಿ;
ಹಿಂದಕ್ಕೆ ಮಡಿಯಬೇಕು, ಮುಂದಕ್ಕೆ ಕೂಡದು.
ಅಷ್ಟೇ. ಅಷ್ಟಕ್ಕೇ ಮರ ಎದ್ದು ನಡೆಯುತ್ತದೆ.
ಕೈ ಅಡ್ಡ ಇಡಲಿಲ್ಲ, ಯಾರ ಸೊಸೆಯಾಗುತ್ತೀ ಎಂದು ಕೇಳಲಿಲ್ಲ.
ನಾನೂ ಸನ್ನೆಯಲ್ಲಿ ಹೇಳಿದೆ,
ನಮ್ಮಲ್ಲಿ ಆಡಿಸುವ ಕೈ ಕೆಳಗೆ.
ಅವನು ಸೂರು ನೋಡಿದ, ನೆಲ ನೋಡಿದ,
ಬಕೀಟು ನೋಡಿ ನಕ್ಕ.

ಅಪ್ಪ ಹೋದ ಪತ್ರ ಏಳು ವಾರ ತಡವಾಗಿ ಬಂತು.
ಅಂಚೆಚೀಟಿಯ ಮೇಲೆ ಒಂದು ಎಮ್ಮೆ.

ಅವನನ್ನು ಕೆತ್ತಲು ಕೂತೆ.
ಮುಖ ಸಲೀಸಾಗಿ ಬಂತು. ಎದೆ, ಸೊಂಟ.
ಅಲ್ಲಿಗೆ ನೀರಿನ ಗೆರೆ. ಉಳಿ ನಿಂತಿತು.
ಗೆರೆಯ ಕೆಳಗೆ ಅವನು ಹೇಗೆ ನಿಲ್ಲುತ್ತಿದ್ದ,
ಯಾವ ಕಾಲ ಮೇಲೆ ಭಾರ,
ತೋರಿಸಿರಲೇ ಇಲ್ಲ ನನಗೆ.
ಇರುಳೆಲ್ಲ ಕಾದು, ಕೊನೆಗೆ
ವೆಂಡೆಲೀನ್ ಕಲಿಸಿದ ಮೊಣಕಾಲು ಕೂಡಿಸಿದೆ.

ದಾರ ಎತ್ತಿದೆ.
ಅಪ್ಪ ಕೆರೆ ಹತ್ತಿ ಬಂದ,
ಒಂದು ಹನಿ ತೊಟ್ಟಿಕ್ಕದ ಒಣ ಕಾಲಲ್ಲಿ
ಮೇಜಿನ ಮೇಲೆ ಮೂರು ಹೆಜ್ಜೆ.
ನಾಲ್ಕನೆಯದಕ್ಕೆ ಎಡಗಾಲು ತೊಡರಿತು.

ಸೀಳು ಬಿಗಿ, ಎಂದ ಮುದುಕ,
ಉಪ್ಪುಕಾಗದ ಚಾಚಿ.
ಉಜ್ಜಿದೆ.